ಕೊನೆಯ ಬೆಂಚಿನ ‘ಳ’

ಹೋದ ವರ್ಷ ರೈತರ ಧರಣಿಗೆ ಬೆಂಬಲ ಕೊಡುತ್ತೇವೆಂದು ಹುಡುಗರ ಗುಂಪೊಂದು ಬ್ಯಾನರ್ ಮಾಡಿಸಲು ನಮ್ಮ ಪ್ರೆಸ್ಸಿಗೆ ಬಂತು. ಒಳ್ಳೆಯ ಹುಡುಗರು. ಕೊರಳಲ್ಲಿ ಹಳದಿ ಕೆಂಪು ಶಾಲು, ಗಂಟಲಲ್ಲಿ ಬೆಂಕಿ. ಆದರೆ ಬರೆಸಬೇಕಾದ ಸಾಲು ಮಾತ್ರ ವಾಟ್ಸಾಪಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬಂತು. ‘ಬೆಲೆ’ಗೂ ‘ಬೆಳೆ’ಗೂ ಅಲ್ಲಿ ಒಂದೇ ಸ್ಪೆಲ್ಲಿಂಗು. ನಮ್ಮ ಡಿ.ಟಿ.ಪಿ. ಹುಡುಗ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಕೂತು ಹೊಡೆದ. ‘ಬೆಳೆಗೆ ತಕ್ಕ ಬೆಲೆ ಕೊಡಿ’ ಎಂದು ಇರಬೇಕಾದ ಕಡೆ ‘ಬೆಲೆಗೆ ತಕ್ಕ ಬೆಳೆ ಕೊಡಿ’ ಎಂದಾಯಿತು. ಸರ್ಕಾರವನ್ನು ಕೇಳಬೇಕಾದವರು ರೈತನನ್ನೇ ಗದರಿಸಿದಂತೆ! ಆ ಬ್ಯಾನರ್ ಹಿಡಿದು ಹುಡುಗರು ಅರ್ಧ ದಿನ ಬಿಸಿಲಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬನೂ ಅದನ್ನು ಓದಿರಲಿಲ್ಲ. ಕೊನೆಗೆ ತೋರಿಸಿಕೊಟ್ಟವನು ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕ.

ತಪ್ಪು ನನ್ನದೂ ಹೌದು. ಪ್ರೂಫ್ ನೋಡದೆ ಬಿಟ್ಟೆ. ಮತ್ತೆ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಗೆಳೆಯರೇ, ವರ್ಣಮಾಲೆಯ ಕಟ್ಟಕಡೆಯಲ್ಲಿ, ‘ಹ’ದ ಪಕ್ಕದಲ್ಲಿ ಕೊನೆಯ ಬೆಂಚಿನ ಹುಡುಗನ ಹಾಗೆ ಕೂತಿರುವ ಅಕ್ಷರ ‘ಳ’. ಅದರಿಂದ ಶುರುವಾಗುವ ಒಂದು ಅಚ್ಚಗನ್ನಡ ಪದವೂ ಇಲ್ಲ. ಹಾಗೆಂದು ಅದನ್ನು ಕಿತ್ತುಹಾಕಿ ನೋಡಿ. ಹಾಳು ಹಾಲಾಗುತ್ತದೆ, ಕಾಳು ಕಾಲಾಗುತ್ತದೆ, ಹುಳಿ ಹುಲಿಯಾಗುತ್ತದೆ, ಕೈಬಳೆ ಮೀನಿನ ಬಲೆಯಾಗುತ್ತದೆ. ಬಟ್ಟೆಯ ಕೊಳೆ ಕೊಲೆಯಾದರೆ ಪೊಲೀಸರೇ ಬರಬೇಕು. ನಾವು ಮದುವೆ ಪತ್ರಿಕೆ ಅಚ್ಚು ಹಾಕುವವರು. ‘ಬಾಳ ಸಂಗಾತಿ’ ಎಂಬಲ್ಲಿ ‘ಬಾಲ ಸಂಗಾತಿ’ ಬಿದ್ದರೆ ಬೀಗರು ಪ್ರೆಸ್ಸಿನ ಬಾಗಿಲಿಗೇ ಬರುತ್ತಾರೆ. ಅಚ್ಚಿನ ಅಕ್ಷರಕ್ಕೆ ಕನ್ನಡದಲ್ಲಿ ‘ಮೊಳೆ’ ಎನ್ನುತ್ತೇವೆ. ಅಲ್ಲಿ ‘ಲ’ ಹಾಕಿದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಿಲ್ಲ.

ಪದದ ಅರ್ಥ ಮಾತ್ರವಲ್ಲ, ವ್ಯಾಕರಣವೂ ಈ ಅಕ್ಷರದ ಹೆಗಲ ಮೇಲಿದೆ. ಮಗ ಎಂಬುದಕ್ಕೆ ಇದು ಸೇರಿದರೆ ಮಗಳು. ಬಂದನು, ಬಂದಳು: ಗಂಡು ಹೆಣ್ಣಿನ ನಡುವೆ ಇರುವುದು ಒಂದಕ್ಷರ. ಮನೆ ಒಂದಿದ್ದದ್ದು ಹತ್ತಾದರೆ ಮನೆಗಳು. ಕೇಳು, ಹೇಳು, ತಿಳಿ, ಏಳು, ಬೀಳು, ಬಾಳು, ಆಳು, ಇವೆಲ್ಲ ದಿನಕ್ಕೆ ನೂರು ಸಲ ಬಾಯಿಗೆ ಬರುವ ಕ್ರಿಯಾಪದಗಳು. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ತಿದ್ದಿದರಲ್ಲ, ಎಣಿಸಿ ನೋಡಿ. ಬೆಂಗಳೂರು, ಮಂಗಳೂರು, ಚಿಕ್ಕಮಗಳೂರು, ಬೆಳಗಾವಿ, ಬಳ್ಳಾರಿ, ಹುಬ್ಬಳ್ಳಿ. ಹನ್ನೆರಡರಲ್ಲಿ ಆರಕ್ಕೆ ‘ಳ’ ಇದೆ. ಹೆಸರು ತಿದ್ದಿಸಿಕೊಂಡೆವು ಸರಿ, ಬಾಯಲ್ಲಿ ‘ಬೆಂಗಲೂರು’ ಎನ್ನುವುದನ್ನು ಯಾವ ಗೆಜೆಟ್ ತಿದ್ದೀತು?

ಹಿಂದಿಯ ವರ್ಣಮಾಲೆಯಲ್ಲಿ ‘ಳ’ ಇಲ್ಲ. ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಆದರೆ ಇದು ನಮ್ಮೊಬ್ಬರ ಸ್ವತ್ತು ಎಂದು ಎದೆ ತಟ್ಟಿಕೊಳ್ಳಬೇಡಿ. ತಮಿಳು, ತೆಲುಗು, ಮಲಯಾಳಂ, ತುಳು ಇರಲಿ, ಮರಾಠಿ, ಗುಜರಾತಿ, ಒಡಿಯಾದಲ್ಲೂ ಇದೆ. ಋಗ್ವೇದದ ಮೊದಲ ಮಂತ್ರದಲ್ಲೇ ಇದೆ. ಆದ್ದರಿಂದ ಹೊರಗಿನಿಂದ ಬಂದವರ ನಾಲಿಗೆ ಹೊರಳದಿದ್ದರೆ ನಗುವುದು ಬೇಡ, ನಾಲಿಗೆಯ ತುದಿ ಹಿಂದಕ್ಕೆ ಮಡಿಸಿ ಅಂಗಳಕ್ಕೆ ತಾಗಿಸುವುದನ್ನು ಕಲಿಸಿ. ನಮ್ಮಜ್ಜಿ ‘ಬಾಲೆಹಣ್ಣು’ ಅನ್ನುತ್ತಿದ್ದಳು. ಕೆಲವು ಕಡೆಯ ಆಡುಮಾತೇ ಹಾಗೆ, ಅದಕ್ಕೂ ನಗಬೇಡಿ. ನನ್ನ ಜಗಳ ಇರುವುದು ಕನ್ನಡ ಶಾಲೆಯಲ್ಲಿ ‘ಳ’ ತಿದ್ದಿ, ಈಗ ಮೊಬೈಲಿನಲ್ಲಿ ಒಂದು ಕೀಲಿ ಹೆಚ್ಚು ಒತ್ತಲು ಸೋಮಾರಿತನ ಮಾಡುವ ನಮ್ಮ ಹುಡುಗರ ಜೊತೆ.

ಅಕ್ಷರ ಕಳೆದುಹೋಗುತ್ತದೆಯೇ ಎನ್ನುತ್ತೀರಾ? ಹೋಗಿದೆ. ಹಳಗನ್ನಡದಲ್ಲಿ ‘ಳ’ಕ್ಕೆ ಒಬ್ಬ ಅಣ್ಣ ಇದ್ದ, ‘ೞ’. ಮಳೆ ಆಗ ಮೞೆ, ಕೋಳಿ ಕೋೞಿ. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. ಇವತ್ತು ಎರಡಕ್ಕೂ ಒಂದೇ ಅಕ್ಷರ. ಗೞ್ದೆ ಸವೆದು ಸವೆದು ಗದ್ದೆಯಾಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ‘ೞ’ ಇರುವ ಪದಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಬೇಕಾಯಿತು. ಬಾಯಲ್ಲಿ ಗಟ್ಟಿಯಾಗಿ ನಿಂತಿದ್ದರೆ ಯಾರಾದರೂ ಪಟ್ಟಿ ಮಾಡುತ್ತಾರೆಯೇ? ತಮಿಳರೂ ಮಲಯಾಳಿಗಳೂ ತಮ್ಮ ‘ೞ’ವನ್ನು ಇವತ್ತಿಗೂ ಬರೆಯುತ್ತಾರೆ. ನಾವು ಬಿಟ್ಟೆವು.

ಬಿಟ್ಟದ್ದರ ಫಲ ಕೇಳಿ. ಜಗತ್ತಿನ ಕಂಪ್ಯೂಟರುಗಳೆಲ್ಲ ಒಪ್ಪಿಕೊಂಡಿರುವ ಯೂನಿಕೋಡ್ ಪಟ್ಟಿಯಲ್ಲಿ ಈ ‘ೞ’ದ ಹೆಸರು ಏನು ಗೊತ್ತೇ? ‘ಫ’! ಇಂಗ್ಲಿಷಿನ ಎಫ್, ಎ. ಎಲ್ಲಿಯ ೞ, ಎಲ್ಲಿಯ ಎಫ್? ತಪ್ಪೆಂದು ಅವರೇ ಟಿಪ್ಪಣಿ ಹಾಕಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಂಟಿಸಿ ಬಿಟ್ಟಿದ್ದಾರೆ. ಮನೆಯವರೇ ಕರೆಯುವುದನ್ನು ನಿಲ್ಲಿಸಿದ ಮಗುವಿಗೆ ಊರವರು ಇಟ್ಟದ್ದೇ ಹೆಸರು.

‘ಳ’ಕ್ಕೆ ಇನ್ನೂ ಆ ಗತಿ ಬಂದಿಲ್ಲ. ನಮ್ಮಪ್ಪನ ಕಾಲದಲ್ಲಿ ಸೀಸದ ಮೊಳೆ ಜೋಡಿಸುವಾಗ ‘ಲ’ ಮತ್ತು ‘ಳ’ದ ಮನೆಗಳು ಬೇರೆ ಬೇರೆ. ಕೈ ತಪ್ಪಿದರೆ ಕಣ್ಣಿಗೆ ಹೊಡೆಯುತ್ತಿತ್ತು, ಚಿಮಟದಲ್ಲಿ ಕಿತ್ತು ಬದಲಿಸುತ್ತಿದ್ದರು. ಈಗ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಎರಡೂ ಒಂದೇ ಕೀಲಿಯ ಮೇಲಿವೆ. ಸುಮ್ಮನೆ ಒತ್ತಿದರೆ ‘ಲ’, ಶಿಫ್ಟ್ ಹಿಡಿದು ಒತ್ತಿದರೆ ‘ಳ’. ಅವರು ಅಷ್ಟು ಸುಲಭ ಮಾಡಿಕೊಟ್ಟ ಮೇಲೂ ನಮ್ಮ ಕಿರುಬೆರಳು ಏಳುವುದಿಲ್ಲ ಅಂದರೆ ಹೇಗೆ?

ರಾಜ್ಯೋತ್ಸವದ ಬ್ಯಾನರು, ಕರಪತ್ರಗಳಿಗೆ ಹುಡುಗರು ಬರುವ ಕಾಲ ಹತ್ತಿರವಾಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ನಮ್ಮ ಪ್ರೆಸ್ಸಿನಲ್ಲಿ ಇನ್ನು ತೆಗೆದುಕೊಳ್ಳುವುದಿಲ್ಲ. ಬೋರ್ಡ್ ಹಾಕಿದ್ದೇವೆ. ಕೈಯಲ್ಲಿ ಬರೆದು ತನ್ನಿ, ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಬರೆಯಲು ಬಾರದಿದ್ದರೆ ಬಂದು ಕೂತು ಬಾಯಲ್ಲಿ ಹೇಳಿ, ನಾನೇ ಬರೆದುಕೊಳ್ಳುತ್ತೇನೆ. ಚಹಾ ನಮ್ಮದು.