ಕೆನಡಾ: ಕಾಯುವ ಸಂಗಾತಿಯೂ, ದುಡಿಯುವ ಪರವಾನಗಿಯೂ

ಬೆಂಗಳೂರಿನಲ್ಲಿ ಐದಾರು ವರ್ಷ ದುಡಿದು ಸ್ವಂತ ಸಂಪಾದನೆಗೆ ಒಗ್ಗಿಹೋದ ಯುವತಿಯೊಬ್ಬಳು ಕೆನಡಾದ ಕಾಯಂ ನಿವಾಸಿಯನ್ನು ವಿವಾಹವಾಗಿ, ಸಂದರ್ಶಕ ವೀಸಾದ ಮೇಲೆ ಟೊರಾಂಟೊ ಸೇರಿದಳೆನ್ನಿ. ಪತಿ ಪ್ರಾಯೋಜಕನಾಗಿ ಆಕೆಯ ಕಾಯಂ ನಿವಾಸಕ್ಕೆ ಅರ್ಜಿ ಹಾಕಿದ್ದಾನೆ. ಮನೆ ಬಾಡಿಗೆ, ದಿನಸಿ, ಬಸ್ ಪಾಸು ಎಲ್ಲವೂ ಒಬ್ಬನ ಸಂಬಳದಿಂದಲೇ ನಡೆಯಬೇಕು. ಅರ್ಜಿ ಇತ್ಯರ್ಥವಾಗುವವರೆಗೆ ಆಕೆ ದುಡಿಯಬಹುದೇ? ಈ ಪ್ರಶ್ನೆಗೆ ಕೆನಡಾ ಸರ್ಕಾರ ಹತ್ತು ವರ್ಷಗಳಲ್ಲಿ ಕೊಟ್ಟ ಉತ್ತರ ಎರಡು ಬಾರಿ ಬದಲಾಗಿದೆ. ಎರಡೂ ಬಾರಿ ಬದಲಾವಣೆ ಅರ್ಜಿದಾರರ ಪರವಾಗಿಯೇ ಇತ್ತು. ಆದರೆ ಎರಡು ಬಾರಿಯೂ ಸಿಕ್ಕಿದ್ದು ಸರ್ಕಾರದ ಸೌಜನ್ಯವೇ ಹೊರತು ಹಕ್ಕಲ್ಲ ಎಂಬುದು ಗಮನಾರ್ಹ.

2014ರ ಡಿಸೆಂಬರ್‌ಗೆ ಮೊದಲು ನಿಯಮ ಸರಳವೂ ಕಠೋರವೂ ಆಗಿತ್ತು. ಕೆನಡಾದ ಒಳಗಿನಿಂದಲೇ ಅರ್ಜಿ ಸಲ್ಲಿಸಿದ ಪತಿ ಅಥವಾ ಪತ್ನಿಗೆ ತಾತ್ವಿಕ ಒಪ್ಪಿಗೆ ದೊರೆಯುವ ತನಕ ಕೆಲಸದ ಪರವಾನಗಿ ಇರಲಿಲ್ಲ. ಕಡತಗಳ ರಾಶಿ ಬೆಳೆದಂತೆ ಆ ಮೊದಲ ಹಂತವೇ ಒಂದು ವರ್ಷವನ್ನು ಮೀರತೊಡಗಿತು. ಅದೇ ಕಾಲಕ್ಕೆ ಇನ್ನೊಂದು ಕಟ್ಟುಪಾಡೂ ಜಾರಿಯಲ್ಲಿತ್ತು. 2012ರ ಅಕ್ಟೋಬರ್‌ನಿಂದ, ಮದುವೆಯಾಗಿ ಬಹುಕಾಲವಾಗಿರದ, ಮಕ್ಕಳಿಲ್ಲದ ಸಂಗಾತಿಯು ಕಾಯಂ ನಿವಾಸ ಪಡೆದ ಬಳಿಕವೂ ಎರಡು ವರ್ಷ ಪ್ರಾಯೋಜಕರೊಡನೆಯೇ ಬಾಳಬೇಕೆಂಬ ಷರತ್ತು ವಿಧಿಸಲಾಗಿತ್ತು. ಹಿಂಸೆ ಸಹಿಸಿಕೊಂಡು ಮನೆಯಲ್ಲೇ ಉಳಿಯುವಂತೆ ಇದು ಮಹಿಳೆಯರನ್ನು ಕಟ್ಟಿಹಾಕುತ್ತದೆ ಎಂಬ ಟೀಕೆಯ ನಂತರ, 2017ರ ಏಪ್ರಿಲ್‌ನಲ್ಲಿ ಆ ಷರತ್ತನ್ನು ರದ್ದುಪಡಿಸಲಾಯಿತು.

ಕೆಲಸದ ವಿಷಯದಲ್ಲಿ ಮೊದಲ ಬಾಗಿಲು ತೆರೆದದ್ದು 2014ರ ಡಿಸೆಂಬರ್ 22ರಂದು. ಅಂದಿನ ವಲಸೆ ಸಚಿವ ಕ್ರಿಸ್ ಅಲೆಕ್ಸಾಂಡರ್ ಅವರ ಅವಧಿಯಲ್ಲಿ, ಒಂದು ವರ್ಷದ ಪ್ರಾಯೋಗಿಕ ಕ್ರಮವಾಗಿ, ಒಳಗಿನಿಂದ ಅರ್ಜಿ ಹಾಕಿದ ಸಂಗಾತಿಗಳಿಗೆ ತಾತ್ವಿಕ ಒಪ್ಪಿಗೆಗೆ ಮುನ್ನವೇ ಓಪನ್ ವರ್ಕ್ ಪರ್ಮಿಟ್ ನೀಡಲು ನಿರ್ಧರಿಸಲಾಯಿತು. ಇಂಥ ಮಾಲೀಕರ ಬಳಿಯೇ ದುಡಿಯಬೇಕೆಂಬ ಕಟ್ಟು ಈ ಪರವಾನಗಿಗೆ ಇಲ್ಲ. ಒಂದು ವರ್ಷದ ಪ್ರಯೋಗ ಮತ್ತೆ ಮತ್ತೆ ವಿಸ್ತರಣೆಗೊಂಡಿತು. ಪ್ರತಿ ಗಡುವು ಸಮೀಪಿಸಿದಾಗಲೂ ಅರ್ಜಿದಾರರ ಎದೆಬಡಿತ ಏರುತ್ತಿತ್ತು. 2016ರ ಡಿಸೆಂಬರ್‌ನಲ್ಲಿ ಸಚಿವ ಜಾನ್ ಮೆಕ್ಯಾಲಮ್ ಬಹುತೇಕ ಅರ್ಜಿಗಳನ್ನು 12 ತಿಂಗಳಲ್ಲಿ ಇತ್ಯರ್ಥಪಡಿಸುವ ಭರವಸೆಯನ್ನೂ ಇತ್ತರು.

ಆದರೆ ಈ ರಿಯಾಯಿತಿಯ ಬೆನ್ನಿಗೇ ಒಂದು ಇಕ್ಕಟ್ಟು ಅಂಟಿಕೊಂಡಿತ್ತು. ಕೆನಡಾದಲ್ಲಿ ಸಂಗಾತಿಯ ಪ್ರಾಯೋಜಕತ್ವಕ್ಕೆ ಎರಡು ಮಾರ್ಗಗಳಿವೆ. ದೇಶದೊಳಗಿನ ವರ್ಗ ಒಂದು. ಹೊರಗಿನ ಕಚೇರಿಯ ಮೂಲಕ ಸಾಗುವ ಕುಟುಂಬ ವರ್ಗ ಮತ್ತೊಂದು. ಎರಡನೆಯ ಮಾರ್ಗದಲ್ಲಿ ಅರ್ಜಿ ತಿರಸ್ಕೃತವಾದರೆ ಪ್ರಾಯೋಜಕರು ವಲಸೆ ಮೇಲ್ಮನವಿ ವಿಭಾಗದ ಮೊರೆ ಹೋಗಬಹುದು. ಮೊದಲನೆಯದರಲ್ಲಿ ಆ ಅವಕಾಶವಿಲ್ಲ. ಅನುಮತಿ ಪಡೆದು ಫೆಡರಲ್ ನ್ಯಾಯಾಲಯದಲ್ಲಿ ಪರಾಮರ್ಶೆ ಕೋರುವುದಷ್ಟೇ ಉಳಿದ ದಾರಿ. ಒಳಗಿನ ವರ್ಗದವರು ತಂದೆ-ತಾಯಿಯ ಅನಾರೋಗ್ಯಕ್ಕೆಂದು ಮೈಸೂರಿಗೋ ಹುಬ್ಬಳ್ಳಿಗೋ ಬಂದು, ಮರಳುವಾಗ ಗಡಿಯಲ್ಲಿ ಪ್ರವೇಶ ನಿರಾಕರಿಸಲ್ಪಟ್ಟರೆ ಅರ್ಜಿಯ ಬುಡವೇ ಅಲುಗಾಡುತ್ತದೆ. ಹೊರಗಿನ ಮಾರ್ಗದವರಿಗೆ ಆ ಭಯವಿಲ್ಲ. ಅಂದರೆ 2014ರ ವ್ಯವಸ್ಥೆಯು ದಂಪತಿಗಳ ಮುಂದಿಟ್ಟದ್ದು ಕ್ರೂರವಾದ ಆಯ್ಕೆ: ಸಂಬಳ ಬೇಕೇ, ಮೇಲ್ಮನವಿಯ ಹಕ್ಕು ಬೇಕೇ? ಬಾಡಿಗೆ ಕಟ್ಟಬೇಕಾದವರು ಸಹಜವಾಗಿಯೇ ಸಂಬಳವನ್ನು ಆರಿಸಿಕೊಂಡರು.

ಈ ಅಂತರವನ್ನು ಕುಗ್ಗಿಸಿದ್ದು 2023ರ ಮೇ 26ರ ಪ್ರಕಟಣೆ. ಸಚಿವ ಶಾನ್ ಫ್ರೇಜರ್ ಅವರು ಓಪನ್ ವರ್ಕ್ ಪರ್ಮಿಟ್ಟನ್ನು ಕುಟುಂಬ ವರ್ಗದ ಅರ್ಜಿದಾರರಿಗೂ, ಅವರು ಕೆನಡಾದಲ್ಲಿಯೇ ಪ್ರಾಯೋಜಕರೊಡನೆ ವಾಸವಾಗಿದ್ದಲ್ಲಿ, ವಿಸ್ತರಿಸಿದರು. ಮೇಲ್ಮನವಿಯ ಹಕ್ಕನ್ನು ಉಳಿಸಿಕೊಂಡೇ ದುಡಿಯಲು ಸಾಧ್ಯವಾಯಿತು. ಪತ್ರಿಕೆಗಳು ಅಂದು ಹೆಚ್ಚು ಗಮನ ಕೊಟ್ಟದ್ದು ಸಂಗಾತಿಗಳ ಸಂದರ್ಶಕ ವೀಸಾ ಶೀಘ್ರ ವಿಲೇವಾರಿಯ ಭರವಸೆಗೆ. ಸಂಸಾರ ನಡೆಸುವವರ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಇದಾಗಿತ್ತು.

ಆದರೂ ಸೂಕ್ಷ್ಮಗಳು ಹಲವಿವೆ. ಪರವಾನಗಿ ಕೋರುವವರಿಗೆ ಸಿಂಧುವಾದ ತಾತ್ಕಾಲಿಕ ನಿವಾಸ ಸ್ಥಾನಮಾನ ಇರಬೇಕು. ಅವಧಿ ಮುಗಿದಿದ್ದರೆ 90 ದಿನಗಳೊಳಗೆ ಅದರ ಮರುಸ್ಥಾಪನೆಗೆ ಅರ್ಜಿ ಹಾಕಿರಬೇಕು. ಸಂದರ್ಶಕರಿಗೆ ಸಾಮಾನ್ಯವಾಗಿ ದೊರೆಯುವುದು ಆರು ತಿಂಗಳ ವಾಸ. ಅವಧಿ ಮುಗಿಯುವ ಮುನ್ನ ಅರ್ಜಿ ಸಲ್ಲಿಸಿದವರು ತೀರ್ಮಾನದವರೆಗೆ ಕಾನೂನುಬದ್ಧವಾಗಿ ಉಳಿಯಬಹುದು. ಆದರೆ ಉಳಿಯುವುದು ಬೇರೆ, ದುಡಿಯುವುದು ಬೇರೆ. ಈಗಾಗಲೇ ಕೆಲಸದ ಪರವಾನಗಿ ಹೊಂದಿದ್ದು, ಅದು ಮುಗಿಯುವ ಮೊದಲೇ ಹೊಸದಕ್ಕೆ ಅರ್ಜಿ ಹಾಕಿದವರು ಕೆಲಸ ಮುಂದುವರಿಸಬಹುದು. ಸಂದರ್ಶಕರಾಗಿ ಬಂದವರು ಪರವಾನಗಿ ಕೈಸೇರುವ ತನಕ ಒಂದು ದಿನವೂ ದುಡಿಯುವಂತಿಲ್ಲ. ಪರಿಚಯಸ್ಥರ ಅಂಗಡಿಯಲ್ಲಿ ಕೂತು ನಗದು ಪಡೆದರೂ ಅದು ಅನಧಿಕೃತ ಕೆಲಸವೇ.

ಕರ್ನಾಟಕದ ಕರಾವಳಿಯಿಂದ ಹೋಗುವ ದಾದಿಯರು ತಿಳಿದಿರಬೇಕಾದ ಮತ್ತೊಂದು ಸಂಗತಿಯಿದೆ. ವಲಸೆ ಇಲಾಖೆ ಗೊತ್ತುಪಡಿಸಿದ ವೈದ್ಯರ ಬಳಿ ಆರೋಗ್ಯ ತಪಾಸಣೆ ಆಗಿರದಿದ್ದರೆ, ಓಪನ್ ಪರ್ಮಿಟ್ ಮೇಲೆಯೇ ಆಸ್ಪತ್ರೆ, ಶಿಶುಪಾಲನೆ, ಶಾಲೆಗಳಲ್ಲಿ ಕೆಲಸ ಮಾಡಕೂಡದೆಂಬ ಷರತ್ತು ಮುದ್ರಿತವಾಗಿರಬಹುದು. ಹೆಸರಿಗೆ ಮುಕ್ತ, ಆದರೆ ಕಲಿತ ವೃತ್ತಿಯ ಬಾಗಿಲೇ ಮುಚ್ಚಿರುತ್ತದೆ. ನರ್ಸಿಂಗ್‌ಗೆ ಪ್ರಾಂತೀಯ ಮಂಡಳಿಯ ನೋಂದಣಿಯೂ ಬೇಕೆಂಬುದು ಪ್ರತ್ಯೇಕ ವಿಚಾರ.

ಇಡೀ ಸೌಲಭ್ಯದ ಬುನಾದಿ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಬೇಕು. ವಲಸೆ ಕಾಯ್ದೆಯ 25.2ನೇ ಕಲಮು ಸಾರ್ವಜನಿಕ ನೀತಿಯ ಹೆಸರಿನಲ್ಲಿ ವಿನಾಯಿತಿ ನೀಡುವ ಅಧಿಕಾರವನ್ನು ಸಚಿವರಿಗೆ ಕೊಟ್ಟಿದೆ. ಇಂಥ ನೀತಿ ಸಂಸತ್ತಿನ ಮುಂದೆ ಹೋಗಬೇಕಿಲ್ಲ. ಹಿಂಪಡೆಯುವುದೂ ಅಷ್ಟೇ ಸುಲಭ. ಸರ್ಕಾರದ ಮನಸ್ಸು ಬದಲಾದರೆ ಏನಾಗಬಹುದು ಎಂಬುದಕ್ಕೆ ಪಕ್ಕದ ಸಾಲಿನಲ್ಲೇ ಉದಾಹರಣೆಯಿದೆ. ತಾತ್ಕಾಲಿಕವಾಗಿ ಬಂದ ವಿದ್ಯಾರ್ಥಿಗಳ ಹಾಗೂ ಕೆಲಸಗಾರರ ಸಂಗಾತಿಗಳಿಗೆ ದೊರೆಯುತ್ತಿದ್ದ ಓಪನ್ ಪರ್ಮಿಟ್ಟನ್ನು 2025ರ ಜನವರಿ 21ರಿಂದ ಬಿಗಿಗೊಳಿಸಲಾಯಿತು. ವಿದ್ಯಾರ್ಥಿಯು ಕನಿಷ್ಠ 16 ತಿಂಗಳ ಸ್ನಾತಕೋತ್ತರ ವ್ಯಾಸಂಗ, ಡಾಕ್ಟರೇಟ್ ಅಥವಾ ಆಯ್ದ ವೃತ್ತಿಪರ ಕೋರ್ಸ್‌ನಲ್ಲಿದ್ದರೆ ಮಾತ್ರ ಸಂಗಾತಿಗೆ ಅವಕಾಶ. ಕೆಲಸಗಾರರ ವಿಷಯದಲ್ಲಿ ಉನ್ನತ ಕೌಶಲದ ಮತ್ತು ಆಯ್ದ ಹುದ್ದೆಗಳಿಗಷ್ಟೇ ಅದು ಸೀಮಿತವಾಯಿತು. ಹಾಗಾಗಿ ಒಂದೇ ಮಹಡಿಯಲ್ಲಿ ವಾಸಿಸುವ ಇಬ್ಬರು ಕನ್ನಡತಿಯರ ಪೈಕಿ, ಕಾಯಂ ನಿವಾಸಿಯ ಪತ್ನಿ ಕೆಲಸಕ್ಕೆ ಹೊರಡಬಹುದು. ಡಿಪ್ಲೊಮಾ ವಿದ್ಯಾರ್ಥಿಯ ಪತ್ನಿ ಮನೆಯಲ್ಲೇ ಉಳಿಯಬೇಕಾಗಬಹುದು.

ಮನೆಯೊಳಗಿನ ಅಧಿಕಾರದ ಪ್ರಶ್ನೆ ಇನ್ನೂ ಗಂಭೀರವಾದುದು. ಸಂಗಾತಿಯ ಮೂಲಭೂತ ಅಗತ್ಯಗಳನ್ನು ಮೂರು ವರ್ಷ ಪೂರೈಸುವೆನೆಂದು ಪ್ರಾಯೋಜಕರು ಮುಚ್ಚಳಿಕೆ ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಅದರ ಎಣಿಕೆ ಶುರುವಾಗುವುದು ಕಾಯಂ ನಿವಾಸ ಮಂಜೂರಾದ ದಿನದಿಂದ. ಅದಕ್ಕೂ ಮುನ್ನಿನ ಕಾಯುವ ತಿಂಗಳುಗಳಲ್ಲಿ ಪ್ರಾಯೋಜಕರು ಮನಸ್ಸು ಬದಲಿಸಿ ಅರ್ಜಿಯನ್ನೇ ಹಿಂಪಡೆಯಬಹುದು. ಸ್ವಂತ ಗಳಿಕೆ, ಸ್ವಂತ ಬ್ಯಾಂಕ್ ಖಾತೆ ಇಲ್ಲದ ಸಂಗಾತಿಗೆ ಆಗ ಬೆದರಿಕೆಯ ಮಾತೊಂದೇ ಸಾಕು. ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ಶುಲ್ಕರಹಿತ ತಾತ್ಕಾಲಿಕ ನಿವಾಸ ಪರವಾನಗಿ ನೀಡುವ ಕ್ರಮ 2019ರ ಜುಲೈನಲ್ಲಿ ಬಂತು. ಅದರೊಂದಿಗೆ ಕೆಲಸದ ಪರವಾನಗಿಯನ್ನೂ ಕೇಳಬಹುದು. ಆದರೆ ಅದನ್ನು ಕೇಳುವ ಹೊತ್ತಿಗೆ ಆಕೆ ಮನೆಯಿಂದ ಹೊರಬಂದಿರಬೇಕಾಗುತ್ತದೆ, ಅಥವಾ ಹೊರಬರಲು ಸಿದ್ಧಳಿರಬೇಕಾಗುತ್ತದೆ. ಕೈಯಲ್ಲಿ ನಾಲ್ಕು ತಿಂಗಳ ಸಂಬಳವಿದ್ದವಳಿಗೂ ಇಲ್ಲದವಳಿಗೂ ಆ ಹೆಜ್ಜೆ ಒಂದೇ ಅಲ್ಲ.

ಇನ್ನು ಮದುವೆಯಾಗಿ ಬೆಂಗಳೂರಿನಲ್ಲೇ ಉಳಿದವರ ಸಂಗತಿ. 2023ರ ನೀತಿ ಅನ್ವಯಿಸುವುದು ಕೆನಡಾದಲ್ಲಿ ಪ್ರಾಯೋಜಕರೊಡನೆ ಒಂದೇ ವಿಳಾಸದಲ್ಲಿ ಇರುವವರಿಗೆ ಮಾತ್ರ. ಸಂದರ್ಶಕ ವೀಸಾ ದೊರೆತರೆ ಅಲ್ಲಿಗೆ ತೆರಳಿ ಪರವಾನಗಿಗೆ ಅರ್ಜಿ ಹಾಕಬಹುದು. ಅದಕ್ಕಾಗಿ ಇಲ್ಲಿನ ಉದ್ಯೋಗಕ್ಕೆ ರಾಜೀನಾಮೆ ಕೊಡಬೇಕು, ಅಲ್ಲಿ ಪರವಾನಗಿ ಬರುವ ತನಕ ವರಮಾನವಿಲ್ಲದೆ ಇರಬೇಕು. ವೀಸಾ ಸಿಗದಿದ್ದವರು ಇಲ್ಲಿನ ಕೆಲಸವನ್ನು ಉಳಿಸಿಕೊಂಡು, ಕಾಯಂ ನಿವಾಸದ ಪತ್ರ ಬರುವವರೆಗೆ ದೂರವಾಣಿಯಲ್ಲೇ ಸಂಸಾರ ನಡೆಸುತ್ತಾರೆ.