ಬಿಲ್ಲಿನ ಮೇಲೆ ಕೂತ ಬಂಡಿ



ಈ ಸಲದ ಅಂಕಣಕ್ಕೆ ವಿಷಯ ಕೊಟ್ಟವನು ನಿಮ್ಮಲ್ಲೇ ಒಬ್ಬ. ತುರ್ಭೆಯ ಹುಡುಗ, ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೆಯ ವರ್ಷ. ತಂದೆ ವಿಜಯಪುರದ ಕಡೆಯಿಂದ ಇಲ್ಲಿನ ಕಲ್ಲುಗಣಿಯ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರು. ಸಂಘದ ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುತ್ತಿದ್ದಾಗ ಹತ್ತಿರ ಬಂದ.

“ಸರ್, ನಮ್ಮ ಸೋದರಮಾವ ಊರಾಗ ಟಾಂಗಾ ಹೊಡೀತಾನ್ರೀ. ಜೀಪಿನ ಕಮಾನಿ ಪಟ್ಟಾ ಅಲ್ಲೆ ಗುಜರಿಯೊಳಗ ಸಿಕ್ಕರ ತಗೊಂಡು ಬಾ ಅಂದಾನ. ಎಂಥಾದ್ದು ತರ್ಲಿ ಹೇಳ್ರಿ.”

ಈಗಿರುವುದಕ್ಕೆ ಏನಾಗಿದೆ ಎಂದು ಕೇಳಿದೆ. ಮೊಬೈಲಿನಲ್ಲಿ ಫೋಟೊ ತೋರಿಸಿದ. ಎಡಗಡೆಯ ಕಮಾನಿನ ದೊಡ್ಡ ಪಟ್ಟಿ ಮುರಿದಿದೆ. ಅಚ್ಚಿಗೂ ಗಾಡಿಯ ತಳಕ್ಕೂ ನಡುವೆ ಒಂದು ಮರದ ತುಂಡು ತುರುಕಿ ಹಗ್ಗದಿಂದ ಬಿಗಿದಿದ್ದಾರೆ. ಇನ್ನೊಂದು ಫೋಟೊ ಕುದುರೆಯದು. ಬೆನ್ನಿನ ಮೇಲೆ, ಜೀನು ಕೂರುವ ಜಾಗದಲ್ಲಿ, ಅಂಗೈಯಗಲದ ಹುಣ್ಣು.

ಅಲ್ಲಿ ನಿಂತು ಉತ್ತರ ಹೇಳುವ ಪ್ರಶ್ನೆ ಅದಾಗಿರಲಿಲ್ಲ. ಮುಂದಿನ ಭಾನುವಾರ ಮಾರ್ಕೆಟ್ಟಿನ ಹತ್ತಿರ ಸಿಗು ಎಂದೆ. ಅವನಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಮೊದಲು ಮಾತಿನ ವಿಚಾರ. ಎ.ಪಿ.ಎಂ.ಸಿ.ಯ ಕಾಂದಾ-ಬಟಾಟಾ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಲಾರಿಯ ಕೆಳಗೆ ಮಲಗಿ ಕೆಲಸ ಮಾಡುವ ಮೇಸ್ತ್ರಿ “ಕಮಾನಿ” ಎನ್ನುತ್ತಾನೆ. ನಮ್ಮೂರಿನ ಲಾರಿಯವರು ಕಮಾನು ಪಟ್ಟಿ ಎನ್ನುತ್ತಾರೆ. ಪಾರಸಿಯಲ್ಲಿ ಕಮಾನ್ ಎಂದರೆ ಬಿಲ್ಲು. ತಮಿಳರೂ ಮಲಯಾಳಿಗಳೂ ಸ್ಪ್ರಿಂಗ್ ಇರುವ ಗಾಡಿಯನ್ನು “ವಿಲ್ಲು ವಂಡಿ” ಎಂದೇ ಕರೆದರು. ವಿಲ್ಲು ಎಂದರೆ ನಮ್ಮ ಬಿಲ್ಲು, ವಂಡಿ ನಮ್ಮ ಬಂಡಿ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಆ ಬಾಗಿದ ವಸ್ತುವನ್ನು ನೋಡಿದ ಜನಕ್ಕೆಲ್ಲ ಬಿಲ್ಲೇ ನೆನಪಾಗಿದೆ.

ಆ ಬಿಲ್ಲಿನ ಬಂಡಿಯಲ್ಲಿ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲ. 1893ರಲ್ಲಿ ತಿರುವಾಂಕೂರು ಸಂಸ್ಥಾನದ ಅಯ್ಯಂಕಾಳಿ ಎಂಬ ಪುಲಯ ಯುವಕ, ತನ್ನ ಜನ ಕಾಲಿಡಬಾರದೆಂದಿದ್ದ ಸಾರ್ವಜನಿಕ ರಸ್ತೆಯಲ್ಲಿ ವಿಲ್ಲು ವಂಡಿ ಏರಿ ಹೋದ. ಅದು ಮೇಲ್ಜಾತಿಯವರು ತಮ್ಮದೆಂದುಕೊಂಡಿದ್ದ ವಾಹನ. ನಮ್ಮ ಕಡೆಗೇ ಬನ್ನಿ. ಕಲ್ಯಾಣದಿಂದ ನಾಸಿಕದ ದಾರಿ ಹಿಡಿದು ಹೋಗುವ ರೈಲು ಚಾಳೀಸಗಾಂವನ್ನು ಹಾಯುತ್ತದೆ. 1929ರಲ್ಲಿ ಡಾ. ಅಂಬೇಡ್ಕರ್ ಅಲ್ಲಿ ಇಳಿದಾಗ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಕೇರಿಯವರು ಗಾಡಿಯನ್ನಷ್ಟೇ ಪಡೆದು, ಅಭ್ಯಾಸವಿಲ್ಲದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ಮೋರಿಯ ಮೇಲೆ ಗಾಡಿ ಎಡವಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು. ಟಾಂಗಾ ಎಂದರೆ ಹಳೆಯ ಸಿನಿಮಾದ ಹಾಡು ಮಾತ್ರ ಎಂದುಕೊಂಡವರು ಇದನ್ನೂ ಬಲ್ಲವರಾಗಿರಲಿ.

ಇರಲಿ, ಉಕ್ಕಿನ ಕಡೆಗೆ ಬರೋಣ.

ಕಮಾನು ಇಲ್ಲದ ಗಾಡಿಯ ಗಾಲಿ ಒಂದು ಕಲ್ಲನ್ನು ಹತ್ತಿತೆನ್ನಿ. ಗಾಲಿಯ ಜೊತೆ ಅಚ್ಚು, ಗಾಡಿ, ಕೂತ ನಾಲ್ವರು ಎಲ್ಲರೂ ಮೇಲೇಳಬೇಕು. ಎತ್ತುವ ಶಕ್ತಿ ಎಲ್ಲಿಂದ ಬಂತು? ಕುದುರೆಯ ಎದೆಯಿಂದ. ಕಲ್ಲಿನಿಂದ ಧಡ್ಡನೆ ಇಳಿದಾಗ ಆ ಶಕ್ತಿ ಸದ್ದಾಗಿ, ನಿಮ್ಮ ಬೆನ್ನುಮೂಳೆಯ ನೋವಾಗಿ ಹಾಳಾಯಿತು. ಕಮಾನು ಇದ್ದರೆ ಮೇಲೇಳುವುದು ಬಹುಮಟ್ಟಿಗೆ ಗಾಲಿ ಮತ್ತು ಅಚ್ಚು ಮಾತ್ರ. ಮೇಲಿನ ಭಾರ ಇದ್ದಲ್ಲೇ ತೇಲುತ್ತ ಸಾಗುತ್ತದೆ. ಕಮಾನನ್ನು ಕೂತವರ ಸುಖಕ್ಕಾಗಿ ಕಂಡುಹಿಡಿದದ್ದು ಎಂದು ನಾವು ತಿಳಿದಿದ್ದೇವೆ, ಆದರೆ ಅದು ಎಳೆಯುವ ಪ್ರಾಣಿಗೂ ಸಲ್ಲುವ ಉಪಕಾರ.

ಹಿಂದೆ ಯುರೋಪಿನ ದೊಡ್ಡ ಸಾರೋಟುಗಳಲ್ಲಿ ಕೂರುವ ಪೆಟ್ಟಿಗೆಯನ್ನು ಚರ್ಮದ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ತಳದಲ್ಲಿ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಒಂದು ಭಾರಿ ತೊಲೆ. 1804ರಲ್ಲಿ ಒಬಡೈಯಾ ಎಲಿಯಟ್ ಎಂಬ ಲಂಡನ್ನಿನ ಗಾಡಿ ತಯಾರಕ, ಎರಡು ಬಿಲ್ಲುಗಳನ್ನು ಎದುರುಬದುರಾಗಿ ಜೋಡಿಸಿ ಮೊಟ್ಟೆಯಾಕಾರದ ಕಮಾನು ಮಾಡಿ, ಅದನ್ನು ಅಚ್ಚಿನ ಮೇಲೇ ಕೂರಿಸುವ ಪೇಟೆಂಟ್ ಪಡೆದ. ಆ ತೊಲೆ ಬೇಡವಾಯಿತು. ಗಾಡಿ ಹಗುರವಾಯಿತು, ನೆಲಕ್ಕೆ ಹತ್ತಿರವಾಯಿತು. ನಿಮ್ಮ ಅಪ್ಪ-ಅಮ್ಮ ಮೊದಲ ಸಲ ಮುಂಬಯಿಗೆ ಬಂದಾಗ ಗೇಟ್‌ವೇ ಹತ್ತಿರ ಏರಿದ್ದಿರಬಹುದಾದ ವಿಕ್ಟೋರಿಯಾ ಗಾಡಿ ಆ ವಂಶದ್ದೇ.

ಹಾಗಾದರೆ ನಮ್ಮ ಎತ್ತಿನ ಗಾಡಿಗೆ ಕಮಾನು ಯಾಕೆ ಬರಲಿಲ್ಲ? ಸವಾರಿ ಬಂಡಿಗೆ ಬಂತು, ಜಟಕಾಕ್ಕೆ ಬಂತು. ಗೊಬ್ಬರ ಹೊರುವ ಗಾಡಿಗೆ ಬರಲಿಲ್ಲ. ಬಡತನ ಒಂದು ಕಾರಣ, ನಿಜ. ಇನ್ನೊಂದು ಕಾರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಆರ್ಥರ್ ಮೊರ‍್ಯಾಂ ಎಂಬ ಸೇನಾ ಎಂಜಿನಿಯರ್ ಗಾಡಿಗೂ ಕುದುರೆಗೂ ನಡುವೆ ಬಲ ಅಳೆಯುವ ಉಪಕರಣ ಕಟ್ಟಿ ಪರೀಕ್ಷೆ ಮಾಡಿದ. ನಡಿಗೆಯ ವೇಗದಲ್ಲಿ ಕಮಾನು ಇದ್ದರೂ ಇಲ್ಲದಿದ್ದರೂ ಎಳೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಲ್ಲುಹಾಸಿನ ರಸ್ತೆಯಲ್ಲಿ ಕುದುರೆ ಓಡತೊಡಗಿದಾಗ ಮಾತ್ರ ಕಮಾನಿನ ಬೆಲೆ ತಿಳಿಯಿತು. ಎತ್ತು ನಡೆಯುತ್ತದೆ, ಕುದುರೆ ಓಡುತ್ತದೆ. ನಮ್ಮ ಬಡಗಿಗಳು ದಡ್ಡರಾಗಿರಲಿಲ್ಲ.

ಇದೇ ಕಾರಣಕ್ಕೆ, ಮಾರ್ಕೆಟ್ಟಿನಲ್ಲಿ ಹಾಥಗಾಡಿ ಎಳೆಯುವವರನ್ನು ನೋಡಿ ಮರುಗಿ “ಇದಕ್ಕೊಂದು ಸ್ಪ್ರಿಂಗ್ ಹಾಕಿದರೆ ಆಯಿತಲ್ಲ” ಎಂದು ಕಾಲೇಜಿನ ಪ್ರಾಜೆಕ್ಟ್ ಮಾಡಹೊರಟವರು ಸ್ವಲ್ಪ ತಡೆಯಿರಿ. ಅವರು ನಡೆಯುವವರು. ಅವರಿಗೆ ಬೇಕಾದದ್ದು ಗುಂಡಿಯಿಲ್ಲದ ನೆಲ, ದೊಡ್ಡ ಗಾಲಿ, ಒಳ್ಳೆಯ ಬೇರಿಂಗ್. ಮೊದಲು ಅವರನ್ನೇ ಕೇಳಿ.

ಈಗ ಟಾಂಗಾದ ಗುಟ್ಟು. ಎರಡು ಗಾಲಿಯ ಗಾಡಿ ಒಂದು ತಕ್ಕಡಿ ಇದ್ದ ಹಾಗೆ. ಭಾರ ಮುಂದಾದರೆ ಮೂಕಿಗಳು ಕುದುರೆಯ ಬೆನ್ನನ್ನು ಒತ್ತುತ್ತವೆ. ಹಿಂದಾದರೆ ಹೊಟ್ಟೆಪಟ್ಟಿ ಕುದುರೆಯನ್ನು ಮೇಲಕ್ಕೆ ಎತ್ತುತ್ತದೆ. ಜಟಕಾದವರು “ಸ್ವಲ್ಪ ಮುಂದೆ ಬನ್ನಿ ಸ್ವಾಮಿ”, “ಅಮ್ಮಾ, ಸ್ವಲ್ಪ ಹಿಂದೆ ಸರೀರಿ” ಎಂದು ಕೂಗುತ್ತಿದ್ದುದನ್ನು ನಿಮ್ಮ ಅಜ್ಜಿಯರು ನಗುತ್ತ ಹೇಳಿಯಾರು. ಅದು ಕಾಟಾಚಾರದ ಮಾತಲ್ಲ, ಕುದುರೆಯ ಬೆನ್ನಿನ ಲೆಕ್ಕ. ನಮ್ಮ ಹುಡುಗನ ಮಾವನ ಗಾಡಿಯಲ್ಲಿ ಎಡಗಡೆ ಕುಸಿದು ಮುಂದಕ್ಕೆ ವಾಲಿತ್ತು. ಹುಣ್ಣಿಗೆ ಮುಲಾಮು ಎಷ್ಟು ಹಚ್ಚಿದರೂ ಆ ವಾಲು ಇರುವ ತನಕ ಅದು ಮಾಯುವುದಿಲ್ಲ.

ಭಾನುವಾರ ಗುಜರಿಯಲ್ಲಿ ಅವನು ಮೊದಲು ಕೈಹಾಕಿದ್ದು ಲಾರಿಯ ಪಟ್ಟಿಗೆ. ದಪ್ಪಗಿದೆ, ಮುರಿಯುವುದಿಲ್ಲ ಎಂದು! ಅಲ್ಲಿಯೇ ತಪ್ಪುವುದು. ಪಟ್ಟಿಯ ದಪ್ಪ ಎರಡರಷ್ಟಾದರೆ ಅದರ ಬಿಗಿ ಎಂಟರಷ್ಟಾಗುತ್ತದೆ. ಉದ್ದವನ್ನು ಅರ್ಧಕ್ಕೆ ಕತ್ತರಿಸಿದರೂ ಎಂಟರಷ್ಟೇ. ಪಟ್ಟಿಗಳ ಸಂಖ್ಯೆ ಎರಡರಷ್ಟಾದರೆ ಮಾತ್ರ ಬಿಗಿ ಬರಿಯ ಎರಡರಷ್ಟು. ಹತ್ತು ಟನ್ ಹೊರುವ ಕಮಾನನ್ನು ಟಾಂಗಾಕ್ಕೆ ಹಾಕಿದರೆ ಅದು ಕಮಾನಲ್ಲ, ಮಾವ ತುರುಕಿದ ಮರದ ತುಂಡಿನ ಅಣ್ಣ. ಖಾಲಿ ಎಸ್.ಟಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಊರಿಗೆ ಹೋಗಿದ್ದರೆ ಈ ಮಾತು ನಿಮ್ಮ ಮೈಗೇ ಗೊತ್ತು. ಬಸ್ಸು ತುಂಬಿದಾಗ ಅದೇ ಸೀಟು ಮೆತ್ತಗಾಗುತ್ತದೆ.

ಅಳೆಯುವುದು ಸುಲಭ, ಸೀಮೆಸುಣ್ಣ ಸಾಕು. ಪೂರ್ತಿ ಭಾರಕ್ಕೆ ಕಮಾನು 1 ಸೆಂಟಿಮೀಟರ್ ಕುಗ್ಗಿದರೆ ಗಾಡಿ ಸೆಕೆಂಡಿಗೆ ಸುಮಾರು 5 ಸಲ ಅದುರುತ್ತದೆ. ಮನುಷ್ಯನ ದೇಹ ಸಹಿಸದ ಅದುರು 4ರಿಂದ 8ರ ನಡುವಿನದು. 4 ಸೆಂಟಿಮೀಟರ್ ಕುಗ್ಗಿದರೆ ಎರಡೂವರೆ ಸಲ. ವಾಸಿ ಎನ್ನುತ್ತೀರಿ. ಆದರೆ ಕುದುರೆ ಸಣ್ಣ ಓಟದಲ್ಲಿ ಹೆಜ್ಜೆ ಹಾಕುವ ತಾಳವೂ ಸೆಕೆಂಡಿಗೆ ಎರಡೂವರೆಯಿಂದ ಮೂರರ ಆಸುಪಾಸು. ತಾಳಕ್ಕೆ ತಾಳ ಕೂಡಿದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದಂತೆ ಗಾಡಿ ಜೀಕತೊಡಗುತ್ತದೆ. ಇನ್ನೂ ಮೆತ್ತಗೆ, 8 ಸೆಂಟಿಮೀಟರ್ ಹತ್ತಿರ ಹೋದರೆ ಆ ತಾಳದಿಂದ ಪಾರು. ಉಳಿದ ಜೀಕನ್ನು ಪಟ್ಟಿಗಳು ಒಂದಕ್ಕೊಂದು ಉಜ್ಜುವ ಘರ್ಷಣೆಯೇ ತಗ್ಗಿಸುತ್ತದೆ. ಆದರೆ ನಡುವೆ ತುಕ್ಕು ಹಿಡಿದರೆ ಪಟ್ಟಿಗಳೆಲ್ಲ ಅಂಟಿ ಒಂದೇ ದಪ್ಪ ಪಟ್ಟಿಯಂತಾಗುತ್ತವೆ. ಆದ್ದರಿಂದ ಬಿಚ್ಚಿ ತೊಳೆದು ಗ್ರೀಸ್ ಹಚ್ಚಬೇಕು.

ಇನ್ನೆರಡು ಮಾತು ಹೇಳಿದೆ. ಗ್ಯಾಸಿನಿಂದ ಕಾಯಿಸಿ ಬಾಗಿಸಬೇಡ, ವೆಲ್ಡಿಂಗ್ ಮಾಡಿಸಬೇಡ. ಹದ ಕೊಟ್ಟ ಉಕ್ಕು ಕಾದರೆ ಹದ ಹೋಗುತ್ತದೆ, ಮುಂದೆ ಅಲ್ಲಿಯೇ ಮುರಿಯುತ್ತದೆ. ಹಾಗೆಯೇ ಕಮಾನಿನ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಬೇಡ. ಬಿಲ್ಲು ಚಪ್ಪಟೆಯಾದಾಗ ಉದ್ದವಾಗುತ್ತದೆ. ಒಂದು ತುದಿಗೆ ಶ್ಯಾಕಲ್ ಹಾಕಿ ಅಲುಗಾಡಲು ಬಿಡಬೇಕು.

ಇಂಥ ಕೆಲಸ ಚಿಕ್ಕದೆಂದು ಮೂಗು ಮುರಿಯುವವರಿಗೆ ಎನ್.ಎಸ್. ರಾಮಸ್ವಾಮಿಯವರ ಹೆಸರು ಹೇಳುತ್ತೇನೆ. ಇಲ್ಲಿ ಪವಾಯಿಯ ನಿಟೀ ಸಂಸ್ಥೆಯ ನಿರ್ದೇಶಕರಾಗಿದ್ದು, ಆಮೇಲೆ ಬೆಂಗಳೂರಿನ ಐ.ಐ.ಎಂ.ನ ಮೊದಲ ನಿರ್ದೇಶಕರಾದವರು. ಮ್ಯಾನೇಜ್‌ಮೆಂಟ್ ಕಲಿಸುವ ಮನುಷ್ಯ ಎತ್ತಿನ ಗಾಡಿಯ ಸುಧಾರಣೆಗೆ ಬೆನ್ನುಹತ್ತಿದಾಗ ನಕ್ಕವರಿದ್ದರು. ದೇಶದಲ್ಲಿ ಆಗ ಒಂದು ಕೋಟಿಗೂ ಹೆಚ್ಚು ಗಾಡಿಗಳಿದ್ದವು. ನೊಗ ಎತ್ತಿನ ಕುತ್ತಿಗೆಯನ್ನು ಸೀಳದಂತೆ, ಗಾಡಿ ಹಗುರವಾಗಿ ಉರುಳುವಂತೆ ಮಾಡಿದರೆ ಎಷ್ಟು ಶಕ್ತಿ ಉಳಿದೀತೆಂದು ಅವರು ವರ್ಷಗಟ್ಟಲೆ ಹೇಳಿದರು, ಅದಕ್ಕಾಗಿಯೇ ‘ಕಾರ್ಟ್‌ಮನ್’ ಎಂಬ ಸಂಸ್ಥೆಯನ್ನೂ ಕಟ್ಟಿದರು.

ಕುದುರೆ ಗಾಡಿಯೇ ಬೇಡ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯಲ್ಲಿ ವಿಕ್ಟೋರಿಯಾಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು ಹೇಳಿ, ವರ್ಷದೊಳಗೆ ನಿಲ್ಲಿಸಲು ಆದೇಶಿಸಿತು. 2021ರ ಮಾರ್ಚ್‌ನಲ್ಲಿ ಅದೇ ಆಕಾರದ, ಕುದುರೆಯಿಲ್ಲದ ಬ್ಯಾಟರಿ ಗಾಡಿಗಳು ಬಂದವು. ಕಾಂಕ್ರೀಟು ರಸ್ತೆ ಗೊರಸಿಗೆ ಕೊಡುವ ಪೆಟ್ಟನ್ನು ಯಾವ ಕಮಾನೂ ತಡೆಯಲಾರದು. ಕಮಾನು ಇರುವುದು ಗಾಡಿಯ ಕೆಳಗೆ, ಕುದುರೆಯ ಕಾಲಿನ ಕೆಳಗಲ್ಲ. ನಾನು ಆ ತೀರ್ಪಿನ ಪರ. ಆದರೆ ಅಂಥ ತೀರ್ಪು ಬರುವ ತನಕ ವಿಜಯಪುರದಲ್ಲಿ ಒಂದು ಕುದುರೆ ದಿನಾ ಗಾಡಿ ಎಳೆಯುತ್ತಲೇ ಇರುತ್ತದೆ, ಅದರ ಬೆನ್ನಿನ ಮೇಲೆ ಹುಣ್ಣಿರುತ್ತದೆ.

ಹುಡುಗ ಕೊನೆಗೆ ಕೊಂಡದ್ದು ಹಳೆಯ ಜೀಪಿನ ಮುಂಭಾಗದ ಎರಡು ಕಮಾನು. ಬಿಚ್ಚಿ, ಒಂದೊಂದರಲ್ಲೂ ನಾಲ್ಕೇ ಪಟ್ಟಿ ಉಳಿಸಿದೆವು. ದೀಪಾವಳಿ ರಜೆಯಲ್ಲಿ ಗೋಣಿಚೀಲದಲ್ಲಿ ಸುತ್ತಿ ಊರಿಗೆ ಒಯ್ದ. ಹುಣ್ಣು ಮಾಯುವ ತನಕ ಗಾಡಿ ಕಟ್ಟಬಾರದು ಎಂದು ಅವನ ಕೈಯಲ್ಲೇ ಹೇಳಿಕಳಿಸಿದ್ದೆ. ಮಾವ ರೇಗಿದನಂತೆ: “ಕುದುರಿ ನಿಂತರ ಮನ್ಯಾಗ ಒಲಿ ನಿಂತಂಗ. ನಿಮ್ಮ ಸರ್ ಬಂದು ಹಿಟ್ಟ ತಂದ ಕೊಡ್ತಾರೇನು?” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಲ್ಲಿತ್ತು. ರಾತ್ರಿ ಪಾಳಿಯಲ್ಲಿ ಪಾರ್ಸೆಲ್ ವಿಂಗಡಿಸಿ ಕೂಡಿಟ್ಟ ದುಡ್ಡನ್ನು ಮಾವನ ಕೈಗಿಟ್ಟ. ಕುದುರೆ ಹದಿನೈದು ದಿನ ನಿಂತಿತು.

ಸೀಮೆಸುಣ್ಣದ ಗೆರೆಯ ಫೋಟೊ ಕಳಿಸಿದ್ದಾನೆ. ಖಾಲಿ ಗಾಡಿಗೂ ನಾಲ್ವರು ಕೂತ ಗಾಡಿಗೂ ನಡುವೆ 5 ಸೆಂಟಿಮೀಟರ್, ಎರಡೂ ಕಡೆ ಸಮ. ಮೂಕಿ ಈಗ ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಹುಣ್ಣಿನ ಮೇಲೆ ಹೊಸ ಚರ್ಮ ಬಂದಿದೆ, ಕೂದಲು ಇನ್ನೂ ಬಂದಿಲ್ಲ. ಜನ ಆಟೊಗಳಲ್ಲೇ ಹೋಗುತ್ತಾರಂತೆ, ಅದು ಬದಲಾಗಿಲ್ಲ. ಓಣಿಯ ಇನ್ನೊಬ್ಬ ಟಾಂಗಾದವರು ಬಂದು ಗಾಡಿಯ ಕೆಳಗೆ ಬಗ್ಗಿ ನೋಡಿ, ತಮಗೂ ಇಂಥದೇ ಒಂದು ಜೋಡಿ ಬೇಕೆಂದಿದ್ದಾರೆ. ಬರುವ ಭಾನುವಾರ ನಾವಿಬ್ಬರೂ ಮತ್ತೆ ಗುಜರಿಗೆ ಹೊರಟಿದ್ದೇವೆ. ಕೈ ಮಸಿ ಮಾಡಿಕೊಳ್ಳಲು ಬೇಸರವಿಲ್ಲದವರು ಬೆಳಿಗ್ಗೆ ಹತ್ತಕ್ಕೆ ತುರ್ಭೆ ಸ್ಟೇಷನ್ನಿನ ಹೊರಗೆ ನಿಂತಿರಿ.