ತಾರಸಿಯ ಮೇಲಣ ಯಂತ್ರಗಳ ನೆಲೆ

ಕಟ್ಟಡವೊಂದನ್ನು ನೋಡುವಾಗ ನಮ್ಮ ದೃಷ್ಟಿ ಅದರ ಮುಂಭಾಗದಲ್ಲಿಯೇ ನಿಲ್ಲುತ್ತದೆ. ತಾರಸಿಯವರೆಗೆ ಏರುವುದು ಅಪರೂಪ. ಆದರೆ ಇಂದಿನ ಆಸ್ಪತ್ರೆ, ವಿದ್ಯಾರ್ಥಿನಿಲಯ, ಕಚೇರಿಗಳಿಗೆ ಜೀವಾಧಾರವಾದ ಸಾಮಗ್ರಿಯ ಬಹುಭಾಗವಿರುವುದು ಅಲ್ಲಿಯೇ. ನೀರಿನ ತೊಟ್ಟಿ, ಬಿಸಿಲಿನಿಂದ ನೀರು ಕಾಯಿಸುವ ಫಲಕ, ಹವಾನಿಯಂತ್ರಣದ ಹೊರಘಟಕ, ಲಿಫ್ಟಿನ ಯಂತ್ರಕೊಠಡಿ, ಇವೆಲ್ಲವೂ ಮೇಲೇರಿ ಕುಳಿತಿವೆ. ಹಪ್ಪಳ ಸಂಡಿಗೆಗಳನ್ನು ಒಣಗಿಸುತ್ತಿದ್ದ ಮಾಳಿಗೆ ಈಗ ಯಂತ್ರಶಾಲೆಯಾಗಿದೆ. ಹೀಗಿದ್ದರೂ ತಾರಸಿಯೆಂದರೆ ಮಳೆಬಿಸಿಲುಗಳನ್ನು ತಡೆಯುವ ಮುಚ್ಚಳ ಮಾತ್ರವೆಂದು ನಾವು ಇನ್ನೂ ಎಣಿಸುತ್ತಿದ್ದೇವೆ. ಕಟ್ಟಡ ಪೂರ್ಣವಾಗುತ್ತದೆ, ಆಮೇಲೆ ಯಂತ್ರಗಳು ಬರುತ್ತವೆ, ಬರಿದಾಗಿ ಕಂಡ ಜಾಗದಲ್ಲಿ ನಾಲ್ಕು ಇಟ್ಟಿಗೆಗಳನ್ನು ಜೋಡಿಸಿ ಅವುಗಳನ್ನು ಕೂರಿಸುತ್ತಾರೆ. ಈ ಪದ್ಧತಿ ತಪ್ಪು ಮಾತ್ರವಲ್ಲ, ಅಪಾಯಕರವೂ ಹೌದೆಂಬುದು ಈ ಲೇಖನದ ವಾದ.

ಅಪಾಯವೆಂಬುದು ಬರಿಯ ಊಹೆಯಲ್ಲ. ದಕ್ಷಿಣ ಕೊರಿಯದ ರಾಜಧಾನಿಯಾದ ಸಿಯೋಲ್ ನಗರದಲ್ಲಿ ಸಾಂಪುಂಗ್ ಎಂಬ ಐದು ಅಂತಸ್ತುಗಳ ದೊಡ್ಡ ಮಾರಾಟಮಳಿಗೆಯಿದ್ದಿತು. ೧೯೯೫ನೆಯ ಇಸವಿ ಜೂನ್ ೨೯ರ ಸಂಜೆ ಅದರ ಒಂದು ಪಾರ್ಶ್ವ ಕೆಲವೇ ಸೆಕೆಂಡುಗಳಲ್ಲಿ ಕುಸಿಯಿತು. ೫೦೨ ಜನ ಮಡಿದರು. ಭೂಕಂಪವಾಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ದೋಷಗಳು ಕಟ್ಟಡದೊಳಗೇ ಇದ್ದುವು. ಅದು ತೊಲೆಗಳಿಲ್ಲದೆ, ಚಪ್ಪಡಿಗಳು ನೇರವಾಗಿ ಕಂಬಗಳ ಮೇಲೆಯೇ ನಿಂತ ರಚನೆ. ಮೊದಲ ಯೋಜನೆಯಲ್ಲಿಲ್ಲದ ಐದನೆಯ ಅಂತಸ್ತನ್ನು ಅದಕ್ಕೆ ಸೇರಿಸಿದ್ದರು. ಕಂಬಗಳನ್ನು ಇರಬೇಕಾದುದಕ್ಕಿಂತ ಸಣ್ಣದಾಗಿ ಕಟ್ಟಿದ್ದರು. ಇವುಗಳ ಜೊತೆಗೆ ತಾರಸಿಯ ಕಥೆಯೊಂದಿದೆ. ಅಲ್ಲಿದ್ದ ಹವಾನಿಯಂತ್ರಣದ ಭಾರವಾದ ಯಂತ್ರಗಳ ಸದ್ದನ್ನು ತಾಳಲಾರೆವೆಂದು ನೆರೆಹೊರೆಯವರು ದೂರಿದರು. ೧೯೯೩ರಲ್ಲಿ ಅವುಗಳನ್ನು ತಾರಸಿಯ ಇನ್ನೊಂದು ಬದಿಗೆ ಒಯ್ಯಲಾಯಿತು. ಕ್ರೇನಿನಿಂದ ಎತ್ತಿಡುವ ಬದಲು ಉರುಳೆಗಳ ಮೇಲೆ ಎಳೆದುಕೊಂಡು ಹೋದರು. ಚಪ್ಪಡಿಯಲ್ಲಿ ಬಿರುಕುಗಳು ಹುಟ್ಟಿದುವು. ಆಮೇಲೆ ಯಂತ್ರಗಳು ನಡೆದಾಗಲೆಲ್ಲ ಅವುಗಳ ಕಂಪನ ಆ ಬಿರುಕುಗಳನ್ನು ಹಿಗ್ಗಿಸುತ್ತ ಬಂದಿತು. ಕೊನೆಗೆ ಕಂಬ ಚಪ್ಪಡಿಯನ್ನು ತೂರಿಕೊಂಡು ಮೇಲೆ ಬಂದಿತು. ಒಂದರ ಮೇಲೊಂದರಂತೆ ಅಂತಸ್ತುಗಳು ಬಿದ್ದುವು.

ಯಂತ್ರಗಳೇ ಈ ದುರಂತದ ಏಕೈಕ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೂ ಅವುಗಳ ನೆಲೆಯನ್ನು ಭಾರ, ಸದ್ದು, ಸಾಗಣೆಯ ದಾರಿ ಈ ಮೂರನ್ನೂ ಒಟ್ಟಿಗೆ ಯೋಚಿಸಿ ಮೊದಲೇ ಗೊತ್ತುಮಾಡಿದ್ದರೆ, ಆ ದುರ್ಬಲವಾದ ಚಪ್ಪಡಿಯ ಮೇಲೆ ಅವುಗಳನ್ನು ಎಳೆದಾಡುವ ಪ್ರಸಂಗವೇ ಒದಗುತ್ತಿರಲಿಲ್ಲ.

ಭಾರದ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲ. ಜನ ಓಡಾಡಬಹುದಾದ ಸಮತಟ್ಟು ತಾರಸಿ ತನ್ನ ಸ್ವಂತ ತೂಕವಲ್ಲದೆ ಚದರ ಮೀಟರಿಗೆ ಸುಮಾರು ೧೫೦ ಕಿಲೋಗ್ರಾಮ್ ಭಾರವನ್ನು ಹೊರುವಂತಿರಬೇಕೆಂದು ಭಾರತೀಯ ಮಾನಕ ಸಂಹಿತೆ ವಿಧಿಸುತ್ತದೆ. ಜನರ ಓಡಾಟಕ್ಕೆ ಇಷ್ಟು ಸಾಕು. ಇನ್ನು ೧೦೦೦ ಲೀಟರಿನ ತೊಟ್ಟಿಯನ್ನು ನೋಡೋಣ. ತುಂಬಿದಾಗ ಅದರ ನೀರಿನ ತೂಕವೇ ೧೦೦೦ ಕಿಲೋಗ್ರಾಮ್; ಅದು ನಿಲ್ಲುವುದು ಹೆಚ್ಚುಕಡಮೆ ಒಂದು ಚದರ ಮೀಟರಿನ ಮೇಲೆ. ಎಂದರೆ ಅಲ್ಲಿ ಬೀಳುವ ಭಾರ ಎಣಿಕೆಯ ಭಾರದ ಆರೇಳು ಪಾಲು! ಅದನ್ನು ನಾಲ್ಕು ಕಾಲುಗಳ ಉಕ್ಕಿನ ಚೌಕಟ್ಟಿನ ಮೇಲಿಟ್ಟರೆ ಭಾರವೆಲ್ಲ ಅಂಗೈಯಗಲದ ನಾಲ್ಕು ಕಡೆಗಳಲ್ಲಿ ಒಟ್ಟುಗೂಡುತ್ತದೆ. ಆದುದರಿಂದ ವೇದಿಕೆಯ ಕಾಲುಗಳು ಚಪ್ಪಡಿಯ ನಡುವೆ ಇಳಿಯಕೂಡದು. ತೊಲೆಗಳ ಅಥವಾ ಕಂಬಗಳ ನೆತ್ತಿಯ ಮೇಲೆಯೇ ಇಳಿಯಬೇಕು. ಹಂಚಿನ ಮಾಡನ್ನು ದುರಸ್ತಿಮಾಡಲು ಹತ್ತುವ ಅನುಭವಿ ಬರಿಯ ಹಂಚನ್ನು ತುಳಿಯುವುದಿಲ್ಲ. ಕೆಳಗೆ ಮರದ ಆಧಾರವಿರುವ ಕಡೆಯನ್ನು ನೋಡಿಕೊಂಡೇ ಹೆಜ್ಜೆಯಿಡುತ್ತಾನೆ. ಆತ ಅರಿತ ತತ್ತ್ವ ಕಾಂಕ್ರೀಟಿಗೂ ಸಲ್ಲುತ್ತದೆ. ಆದರೆ ಕಾಂಕ್ರೀಟಿನ ತಾರಸಿಯಲ್ಲಿ ತೊಲೆಗಳು ಮೇಲಿನಿಂದ ಕಾಣುವುದಿಲ್ಲ. ಅವು ಎಲ್ಲಿವೆಯೆಂಬುದನ್ನು ಹೇಳುವುದು ನಕ್ಷೆಯೊಂದೇ.

ಸದ್ದಿನ ಸಮಸ್ಯೆಗೆ ಮರಳೋಣ. ಯಂತ್ರದ ಸುತ್ತ ಗೋಡೆ ಕಟ್ಟಿದರೆ ಸದ್ದು ಅಡಗುವುದೆಂದು ಯಾರಿಗಾದರೂ ತೋರುತ್ತದೆ. ಆದರೆ ಈ ಯಂತ್ರ ಉಸಿರಾಡಬೇಕು. ಕೊಠಡಿಯೊಳಗಿನಿಂದ ೩.೫ ಕಿಲೋವ್ಯಾಟ್ ಶಾಖವನ್ನು ಹೊರದೂಡುವ ಯಂತ್ರ ತಾನು ಸುಮಾರು ೧ ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ. ಶಕ್ತಿಯ ನಿತ್ಯತೆಯ ನಿಯಮದಂತೆ ಒಟ್ಟು ೪.೫ ಕಿಲೋವ್ಯಾಟ್ ಶಾಖವನ್ನು ತಾರಸಿಯ ಗಾಳಿಗೆ ಬಿಡಲೇಬೇಕು. ನಾಲ್ಕು ಕಡೆಯೂ ಗೋಡೆಯೆದ್ದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಸೇದಿಕೊಳ್ಳುತ್ತದೆ. ವಿದ್ಯುತ್ತಿನ ವೆಚ್ಚ ಏರುತ್ತದೆ, ಯಂತ್ರದ ಆಯುಸ್ಸು ಇಳಿಯುತ್ತದೆ. ಆದುದರಿಂದ ಆವರಣಕ್ಕೆ ತಂಪುಗಾಳಿ ಬರುವ ದಾರಿ ಬೇರೆ, ಬಿಸಿಗಾಳಿ ಹೋಗುವ ದಾರಿ ಬೇರೆ ಇರಬೇಕು. ಯಂತ್ರ ತಯಾರಕರು ಸೂಚಿಸುವ ತೆರವು ಎಲ್ಲ ಪಕ್ಕಗಳಲ್ಲಿಯೂ ಉಳಿಯಬೇಕು. ನೆರೆಮನೆಯ ಕಿಟಕಿಗೂ ಯಂತ್ರಕ್ಕೂ ನಡುವಣ ನೇರದೃಷ್ಟಿಯನ್ನು ತಡೆಯುವಷ್ಟು ಎತ್ತರದ, ಸಂದುಗಳಿಲ್ಲದ ತಡಿಕೆಯೊಂದನ್ನು ಆ ಒಂದು ಪಕ್ಕದಲ್ಲಿ ನಿಲ್ಲಿಸಿದರೂ ಸದ್ದು ಬಹಳ ಮಟ್ಟಿಗೆ ತಗ್ಗುತ್ತದೆ. ಕಾಂಕ್ರೀಟಿನ ಮೂಲಕ ಕೆಳಗಿನ ಕೊಠಡಿಗೆ ಇಳಿಯುವ ಕಂಪನವನ್ನು ತಡೆಯಲು ಯಂತ್ರದ ಪಾದಗಳಡಿಯಲ್ಲಿ ತಕ್ಕ ಸ್ಪ್ರಿಂಗು ಇಲ್ಲವೆ ರಬ್ಬರು ಬೇಕು.

ಆವರಣ ನಿಂತೊಡನೆ ಗಾಳಿಯ ಪ್ರಶ್ನೆ ಏಳುತ್ತದೆ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ವಿನ್ಯಾಸಕ್ಕೆ ಮೂಲವಾಗಿ ಸಂಹಿತೆ ಕೊಡುವ ಗಾಳಿಯ ವೇಗ ಬೆಂಗಳೂರಿಗೆ ಸೆಕೆಂಡಿಗೆ ೩೩ ಮೀಟರ್, ಮಂಗಳೂರಿಗೆ ೩೯ ಮೀಟರ್. ವೇಗದಲ್ಲಿ ವ್ಯತ್ಯಾಸ ನೂರಕ್ಕೆ ೧೮ರಷ್ಟು. ಒತ್ತಡದಲ್ಲಾದರೋ ನೂರಕ್ಕೆ ೪೦ರಷ್ಟು! ಮೂರು ಮೀಟರ್ ಉದ್ದ, ಎರಡು ಮೀಟರ್ ಎತ್ತರದ ತಡಿಕೆಯ ಮೇಲೆ ಬೆಂಗಳೂರಿನ ಲೆಕ್ಕದಂತೆ ಸುಮಾರು ೪೦೦ ಕಿಲೋಗ್ರಾಮ್ ತೂಕದಷ್ಟು ಬಲ ಬೀಳಬಹುದು. ಮಂಗಳೂರಿನಲ್ಲಿ ಅದು ಸುಮಾರು ೫೬೦ ಆಗುತ್ತದೆ. ಕರಾವಳಿಯ ಉಪ್ಪುಗಾಳಿ ಉಕ್ಕನ್ನು ಬೇಗ ತಿನ್ನುವುದರಿಂದ ಅಲ್ಲಿ ಸತುವಿನ ಲೇಪವೂ ದಪ್ಪವಾಗಿರಬೇಕು. ಒಂದೂರಿಗೆ ಸಾಕಾದ ಚೌಕಟ್ಟು ಇನ್ನೊಂದೂರಿಗೆ ಸಾಲದು.

ಇಷ್ಟಾದರೂ ಬಹು ಮುಖ್ಯವಾದ ಭಾರವೊಂದು ಉಳಿಯಿತು. ಅದು ಯಂತ್ರದ ದುರಸ್ತಿಗೆ ಬರುವ ಮನುಷ್ಯನದು. ಆತ ಮಳೆಯಲ್ಲಿ, ಕತ್ತಲೆಯಲ್ಲಿ, ಕೈಯಲ್ಲಿ ಉಪಕರಣಗಳ ಚೀಲ ಹಿಡಿದು ಬರುತ್ತಾನೆ. ತಾರಸಿಯ ಅಂಚಿನಲ್ಲಿ ಕೂರಿಸಿದ ಯಂತ್ರದ ಹಿಂಬದಿಯ ತಿರುಪನ್ನು ಸಡಿಲಿಸಲು ಆತ ಎಲ್ಲಿ ನಿಲ್ಲಬೇಕು? ಭದ್ರವಾದ ಏಣಿ, ಜಾರದ ನಡೆದಾರಿ, ಸೊಂಟಕ್ಕಿಂತ ಮೇಲೆ ಬರುವ ಕಂಬಿಸಾಲು, ಒಂದು ದೀಪ, ಇವು ಅಲಂಕಾರಗಳಲ್ಲ. ಆತನ ಜೀವಕ್ಕೆ ಆಧಾರಗಳು. ಹಾಗೆಯೇ ವೇದಿಕೆ ತಾರಸಿಯಿಂದ ಮೊಣಕಾಲೆತ್ತರದಷ್ಟಾದರೂ ಮೇಲಿದ್ದರೆ ಕೆಳಗೆ ಗುಡಿಸಬಹುದು, ಮಳೆನೀರು ತಡೆಯಿಲ್ಲದೆ ಹರಿಯುತ್ತದೆ, ನೀರು ಸೋರದಂತೆ ಹಾಕಿದ ಲೇಪವನ್ನು ಕಾಲಕಾಲಕ್ಕೆ ಹೊಸದು ಮಾಡಬಹುದು. ಯಂತ್ರವನ್ನು ಹಿಡಿದಿಡಲೆಂದು ಆಮೇಲೆ ಕೊರೆದ ಒಂದೊಂದು ರಂಧ್ರವೂ ಸೋರಿಕೆಗೆ ಕೊಟ್ಟ ಆಹ್ವಾನವೇ ಸರಿ.

ಕಟ್ಟಡದ ನಕ್ಷೆ ತಯಾರಾಗುವಾಗ ಯಾವ ಯಂತ್ರ ಬರುವುದೆಂದು ತಿಳಿದಿರುವುದಿಲ್ಲವಲ್ಲ, ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಯಂತ್ರದ ಹೆಸರು ತಿಳಿಯದಿರಬಹುದು. ಆದರೆ ಆಸ್ಪತ್ರೆಗೆ ನೀರು ಬೇಕು, ಬಿಸಿನೀರು ಬೇಕು, ತಂಪು ಬೇಕು ಎಂಬುದು ತಿಳಿದೇ ಇದೆ. ಅವುಗಳಿಗೆಂದು ತಾರಸಿಯ ಒಂದು ಭಾಗವನ್ನು ಮೀಸಲಿಟ್ಟು, ಅಲ್ಲಿ ಬಲವಾದ ತೊಲೆಗಳನ್ನು ಕೊಟ್ಟು, ಅದು ಹೊರಬಲ್ಲ ಭಾರವೆಷ್ಟು, ಯಂತ್ರವನ್ನು ಮೇಲಕ್ಕೆ ತರುವ ದಾರಿ ಯಾವುದು ಎಂಬುದನ್ನು ನಕ್ಷೆಯಲ್ಲಿ ಬರೆದಿಡಬಹುದು. ಖರ್ಚು ಹೆಚ್ಚುವುದೆಂಬ ಆಕ್ಷೇಪಕ್ಕೂ ಉತ್ತರವಿದೆ: ತೊಲೆಯನ್ನು ಕಟ್ಟುವಾಗ ಅದಕ್ಕೆ ಬಲ ಕೊಡುವುದು ಸುಲಭ; ಕಟ್ಟಿ ಮುಗಿದ ಮೇಲೆ ಬಲ ಕೊಡುವುದು ಎಷ್ಟೋ ಪಾಲು ದುಬಾರಿ.

ಆದುದರಿಂದ ಕಟ್ಟಡಕ್ಕೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳು ಇತರ ಅಂತಸ್ತುಗಳ ನಕ್ಷೆಗಳಂತೆ ತಾರಸಿಯ ಯಂತ್ರನಕ್ಷೆಯನ್ನೂ ಕೇಳಬೇಕು. ತಾರಸಿಯ ಬಾಗಿಲ ಬಳಿ ಅದು ಹೊರಬಲ್ಲ ಭಾರವನ್ನು ಬರೆದ ಫಲಕವಿರಬೇಕು. ಲಿಫ್ಟಿನೊಳಗೆ ಎಷ್ಟು ಜನ ನಿಲ್ಲಬಹುದೆಂದು ಬರೆಯುವ ನಾವು ತಾರಸಿಯ ವಿಷಯದಲ್ಲಿ ಮೌನವಾಗಿರುವುದು ವಿಚಿತ್ರವಲ್ಲವೆ? ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುವರು. ಎಲ್ಲರೂ ಯಾವುದಾದರೊಂದು ತಾರಸಿಯ ಕೆಳಗೆ ಬಾಳುವರು. ಇಂದೇ ನಿಮ್ಮ ಶಾಲೆಯ ತೊಟ್ಟಿ ಎಷ್ಟು ಲೀಟರಿನದೆಂದು ಕೇಳಿ ತಿಳಿದು, ಅದರ ತೂಕವನ್ನು ಲೆಕ್ಕಹಾಕಿರಿ. ಅದರ ಕಾಲುಗಳ ಕೆಳಗೆ ತೊಲೆಯಿದೆಯೇ ಎಂದು ವಿಚಾರಿಸಿರಿ. ಉತ್ತರ ಬಲ್ಲವರು ಯಾರೂ ಸಿಗದಿದ್ದರೆ ಆ ಪ್ರಶ್ನೆಯನ್ನು ಕೇಳಲೇಬೇಕಾಗಿತ್ತೆಂದು ತಿಳಿಯಿರಿ.